ಅಪ್ಪನ ಕಿವಿಗೆ ಬಿದ್ದದ್ದು

4 ಮಾರ್ಚ್

ತಮ್ಮಾ,

ಇಲ್ಲಿ ಯಾರೂ ಕ್ಷೇಮವಾಗಿಲ್ಲ. ನೀನಾದರೂ ಇದ್ದೀಯ ಎಂದುಕೊಂಡು ಬರೆಯುತ್ತಿದ್ದೇನೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ "ಲೈನ್ ಸರಿ ಇಲ್ಲ ಅಕ್ಕ, ಕಾಗದ ಬರಿ" ಎಂದು ಇಟ್ಟುಬಿಡುತ್ತೀಯ. ಈ ಕಾಲದಲ್ಲಿ ಅಂಚೆಯವನನ್ನು ನಂಬಿಕೊಂಡು ಮಾತಾಡುವ ಅಕ್ಕ ತಮ್ಮ ನಾವಿಬ್ಬರೇ ಇರಬೇಕು. ಸರಿ, ಬರೆಯುತ್ತೇನೆ. ಅರ್ಧ ಓದಿ ಮಡಚಿಡಬೇಡ.

ನನ್ನ ಪಿತ್ತಕೋಶದಲ್ಲಿ ಕಲ್ಲಾಗಿದೆ. ತೆಗೆಸಲೇಬೇಕು ಎಂದು ಡಾಕ್ಟರು ಹೇಳಿದ್ದಾರೆ. ಹೋದ ತಿಂಗಳು ಆಪರೇಷನ್ನಿಗೆ ದಿನವನ್ನೂ ಕೊಟ್ಟಿದ್ದರು. ಅಪ್ಪನನ್ನು ನೋಡಿಕೊಳ್ಳುವವರು ಯಾರೂ ಇಲ್ಲ ಎಂದು ನಾನೇ ಬೇಡ ಎಂದೆ. ಆಪರೇಷನ್ ಆದ ಮೇಲೆ ಒಂದು ತಿಂಗಳು ಭಾರ ಎತ್ತಬಾರದಂತೆ. ಅಪ್ಪನನ್ನು ಎತ್ತದೆ, ಕೂರಿಸದೆ, ಹಿಡಿದು ನಡೆಸದೆ ನನಗೆ ಒಂದು ಹೊತ್ತೂ ಕಳೆಯುವುದಿಲ್ಲ.

ನೀನು ನೋಡಿ ಹೋದಾಗ ಇದ್ದ ಮರೆವಲ್ಲ ಈಗಿನದು. ಆಗ ಕನ್ನಡಕ ಹುಡುಕುತ್ತಿದ್ದರು, ನಾವು ನಗುತ್ತಿದ್ದೆವು. ಈಗ ನನ್ನನ್ನು ನೋಡಿ "ಬಾಡಿಗೆ ಕೇಳೋಕೆ ಬಂದ್ರಾ? ಯಜಮಾನ್ರು ಇಲ್ಲ" ಎನ್ನುತ್ತಾರೆ. ಇಡೀ ದಿನ ಲ್ಯಾಬಿನಲ್ಲಿ ಕೂತು ಕಂಡವರಿಗೆಲ್ಲ ಹಲ್ಲಿನ ಸೆಟ್ಟು ಮಾಡಿಕೊಡುವವಳು ನಾನು. ಮನೆಗೆ ಬಂದರೆ ಅಪ್ಪನ ಸೆಟ್ಟು ಹುಡುಕುವುದೇ ಕೆಲಸ. ಮೊನ್ನೆ ನನ್ನ ಚಪ್ಪಲಿಯೊಳಗೆ ಕಾಲಿಟ್ಟಾಗ ಅದು ಕಚ್ಚಿತು. ಸ್ನಾನವಂತೂ ದಿನಾ ಕುಸ್ತಿ. ನೀರು ಮೈಗೆ ಬಿದ್ದರೆ ಕೊಲೆ ಮಾಡಿದ ಹಾಗೆ ಕೂಗುತ್ತಾರೆ. ಕೆಳಗಿನ ಮನೆಯವರು ಒಮ್ಮೆ ಬಂದು ಬಾಗಿಲು ಬಡಿದರು.

ಕೇಳುವುದು ಒಂದೇ. ನೀನು ಒಂದು ತಿಂಗಳು ಬಂದು ಅಪ್ಪನ ಹತ್ತಿರ ಇರು. ನನಗೆ ಗಂಡ ಮಕ್ಕಳಿಲ್ಲ ಎಂದರೆ ರಜೆ ಇದೆ ಎಂದು ಎಲ್ಲರೂ ತಿಳಿದುಕೊಂಡಿದ್ದಾರೆ. ನೀನಾದರೂ ಹಾಗೆ ತಿಳಿಯಬೇಡ.

ನಿನ್ನ ಅಕ್ಕ


22 ಮಾರ್ಚ್

ಪ್ರೀತಿಯ ಅಕ್ಕ,

ಕಾಗದ ಪೂರ್ತಿ ಓದಿದೆ, ಎರಡು ಸಲ ಓದಿದೆ. ನಿನ್ನ ಆರೋಗ್ಯದ ವಿಷಯ ತಿಳಿದು ಬೇಜಾರಾಯಿತು. ಆಪರೇಷನ್ನನ್ನು ತಡ ಮಾಡಬೇಡ.

ಬರುವ ವಿಷಯ ಈಗ ಹೇಳಲಾರೆ. ಪಿಯಾನೊ ಕಾರ್ಖಾನೆಯಲ್ಲಿ ಇದು ಬಿಡುವಿಲ್ಲದ ಕಾಲ. ಶ್ರುತಿ ವಿಭಾಗ ನನ್ನನ್ನೇ ನಂಬಿಕೊಂಡಿದೆ. ನನ್ನ ಕಿವಿಗೆ ಒಪ್ಪಿಗೆಯಾಗದೆ ಒಂದು ಪಿಯಾನೊ ಕೂಡ ಬಾಗಿಲು ದಾಟುವುದಿಲ್ಲ. ಅಪ್ಪ ಕಲಿಸಿದ ವಿದ್ಯೆ, ಏನು ಮಾಡಲಿ?

ಆದರೆ ಒಂದು ದಾರಿ ಹೊಳೆದಿದೆ. ಮರೆವಿನ ಕಾಯಿಲೆಯವರಿಗೆ ಅವರ ಹರೆಯದ ಸಂಗೀತ ಕೇಳಿಸಿದರೆ ಗಾಬರಿ ಕಡಿಮೆಯಾಗುತ್ತದೆ, ಸ್ನಾನ ಊಟಕ್ಕೆ ಒಪ್ಪುತ್ತಾರೆ, ನೋಡಿಕೊಳ್ಳುವವರಿಗೂ ಸ್ವಲ್ಪ ಉಸಿರಾಡಲು ಬಿಡುವು ಸಿಗುತ್ತದೆ ಎಂದು ಓದಿದೆ. ಅಪ್ಪನಿಗಿಂತ ಇದಕ್ಕೆ ತಕ್ಕವರು ಯಾರು? ಹಾರ್ಮೋನಿಯಂ ರಿಪೇರಿಯಲ್ಲೇ ಜೀವ ಸವೆಸಿದವರು. ಅಂಗಡಿಯಲ್ಲಿ ಪೆಟ್ಟಿಗೆ ರಿಪೇರಿಯಾದ ಮೇಲೆ ಗಿರಾಕಿ ಕೂತು ನುಡಿಸಿ ನೋಡುವಾಗ ಅಪ್ಪ ಕ್ಯಾಸೆಟ್ಟಿನಲ್ಲಿ ಹಿಡಿದಿಡುತ್ತಿದ್ದರು, ನೆನಪಿದೆಯಾ? ಆ ಕ್ಯಾಸೆಟ್ಟುಗಳೆಲ್ಲ ನನ್ನ ಹತ್ತಿರ ಇವೆ. ಹಳೆಯ ಟೇಪ್ ರೆಕಾರ್ಡರಿನಲ್ಲಿ ಹಾಕಿ, ಅದರಿಂದ ಒಂದು ಸಣ್ಣ ಪ್ಲೇಯರಿಗೆ ತುಂಬಿಸಿ ಕಳಿಸುತ್ತಿದ್ದೇನೆ. ಬೆಳಿಗ್ಗೆ ಸಂಜೆ ಹಾಕು. ತಮ್ಮ ಕೈಕೆಲಸವನ್ನು ತಾವೇ ಕೇಳಿದರೆ ಅಪ್ಪ ಹೇಗೆ ಅರಳುತ್ತಾರೆ ನೋಡುತ್ತಿರು.

ಹೇಗಾಯಿತು ಎಂದು ಬರಿ. ಫೋನ್ ಬೇಡ, ಇಲ್ಲಿ ಲೈನು ಹಾಳು.

ತಮ್ಮ


15 ಏಪ್ರಿಲ್

ತಮ್ಮಾ,

ನಾನು ಮನುಷ್ಯ ಕೇಳಿದೆ, ನೀನು ಡಬ್ಬಿ ಕಳಿಸಿದೆ. ಸಂತೋಷ.

ಡಬ್ಬಿ ಹಾಕಿದೆ. ಮೊದಲು ಅಪ್ಪ ನೆಟ್ಟಗೆ ಕೂತರು. ಕಣ್ಣು ದೊಡ್ಡದಾಯಿತು, ಬೆರಳು ಮಂಡಿಯ ಮೇಲೆ ಆಡಿತು. ನಿಜ ಹೇಳುತ್ತೇನೆ, ನಿನ್ನನ್ನು ಮನಸ್ಸಿನಲ್ಲೇ ಹೊಗಳಿಬಿಟ್ಟೆ. ಆಮೇಲೆ "ಇದು ಯಾರ ಪೆಟ್ಟಿಗೆ? ನಮ್ಮ ಅಂಗಡೀದಾ?" ಎಂದು ಕೇಳಿದರು. ಹೌದು ಎಂದೆ. ಎದ್ದುಹೋಗಿ ಚಮಚದ ಹಿಡಿಯಿಂದ ನಿನ್ನ ಪ್ಲೇಯರಿನ ಬೆನ್ನು ಬಿಚ್ಚಲು ಶುರುಮಾಡಿದರು. ಕಿತ್ತುಕೊಂಡೆ. ಬೈದರು. ದಿನಾ ಇದೇ ಆಗುತ್ತಿದೆ.

ಇನ್ನೊಂದು ವಿಷಯ. ಮರೆವಿನವರ ಹಗಲು ಕೇಂದ್ರ ಒಂದಿದೆ. ನಾನು ಲ್ಯಾಬಿಗೆ ಹೋಗುವಾಗ ಅಪ್ಪನನ್ನು ಈಗ ಅಲ್ಲಿ ಬಿಡುತ್ತೇನೆ. ಸಂಗೀತದಿಂದಲೇ ಆರೈಕೆ ಮಾಡುವುದನ್ನು ಓದಿಕೊಂಡ ಒಬ್ಬ ಮೇಡಂ ಅಲ್ಲಿದ್ದಾರೆ, ವಾರಕ್ಕೊಮ್ಮೆ ಮನೆಗೂ ಬರುತ್ತಾರಂತೆ. ನೀನು ಓದಿದ್ದನ್ನು ಅವರು ಓದಿಯೇ ಇರುತ್ತಾರೆ, ನೋಡೋಣ.

ನೀನು ಬರುವ ದಿನ ಬರೆದಿಲ್ಲ.

ಅಕ್ಕ


2 ಮೇ

ಪ್ರೀತಿಯ ಅಕ್ಕ,

ನಿನ್ನ ಕಾಗದ ಓದಿ ಕುಣಿಯುವುದೊಂದು ಬಾಕಿ! ನೆಟ್ಟಗೆ ಕೂತರು, ಬೆರಳು ಆಡಿಸಿದರು, ನಮ್ಮ ಅಂಗಡಿಯದಾ ಎಂದು ಕೇಳಿದರು! ಇನ್ನೇನು ಬೇಕು ನಿನಗೆ? ಅಂಗಡಿ ನೆನಪಾಗಿದೆ, ಕೈ ಕೆಲಸಕ್ಕೆ ಹೊರಟಿದೆ. ಪ್ಲೇಯರ್ ಬಿಚ್ಚಲು ಹೋದದ್ದು ಸಂತೋಷಕ್ಕೆ ಅಕ್ಕ. ಅದನ್ನು ಕಿತ್ತುಕೊಂಡು ನೀನೇ ಕೆಡಿಸಿದೆ. ಬಿಚ್ಚಲಿ ಬಿಡು, ಇನ್ನೊಂದು ಕಳಿಸುತ್ತೇನೆ. ನಿಲ್ಲಿಸಬೇಡ. ಸ್ವಲ್ಪ ಜೋರಾಗಿಯೇ ಹಾಕು, ವಯಸ್ಸಾದವರಿಗೆ ಕಿವಿ ಮಂದವಾಗಿರುತ್ತದೆ. ನಿನಗೆ ಮೊದಲಿನಿಂದಲೂ ಸಂಗೀತ ಅಂದರೆ ತಾತ್ಸಾರ. ಅದನ್ನು ಅಪ್ಪನ ಮೇಲೆ ತೋರಿಸಬೇಡ.

ಕಾರ್ಖಾನೆಯಲ್ಲಿ ಕೆಲಸ ಹಾಗೇ ಇದೆ. ಬರುವುದನ್ನು ಮುಂದೆ ನೋಡೋಣ.

ತಮ್ಮ


20 ಮೇ

ತಮ್ಮಾ,

ತಾತ್ಸಾರವಂತೆ! ನಿನ್ನ ಕಾಗದವನ್ನು ಲ್ಯಾಬಿನಲ್ಲಿ ಓದಿದೆ. ಕೈಯಲ್ಲಿ ಯಾರದೋ ಕೆಳದವಡೆ ಇತ್ತು, ಎರಡು ತುಂಡಾಯಿತು.

ಹೋದ ಸಲ ನಿನಗೆ ಒಂದು ವಿಷಯ ಬರೆಯಲಿಲ್ಲ. ಬರೆದರೆ "ಹಾಗಾದರೆ ಅಪ್ಪನನ್ನು ಎಲ್ಲಾದರೂ ಸೇರಿಸಿಬಿಡು" ಎನ್ನುತ್ತೀಯೆಂದು ಹೆದರಿ ನುಂಗಿಕೊಂಡಿದ್ದೆ. ಈಗ ಕೇಳು. ಆ ಡಬ್ಬಿ ಹಾಡಿದ ಮೇಲೆ ಅಪ್ಪನಿಗೆ ಮನೆಯಲ್ಲಿ ಕಾಲು ನಿಲ್ಲುವುದಿಲ್ಲ. "ಈ ಪೆಟ್ಟಿಗೆ ನನ್ನ ಅಂಗಡಿಯಿಂದ ಹೀಗೇ ಹೋಯ್ತಾ? ಛೀ! ವಾಪಸ್ ತರಬೇಕು. ಗಿರಾಕಿ ಏನಂದ್ಕೊಂಡಿರ್ತಾನೆ?" ಎಂದು ಪರಿತಪಿಸುತ್ತಾರೆ. ಗಿರಾಕಿಯ ಮನೆ ಹುಡುಕಿಕೊಂಡು ಒಮ್ಮೆ ಬೀದಿಗೇ ಇಳಿದುಬಿಟ್ಟಿದ್ದರು, ಬರಿಗಾಲಲ್ಲಿ, ನಡುರಸ್ತೆಯಲ್ಲಿ. ಲಾರಿಯವನು ಬ್ರೇಕ್ ಹಾಕಿದ್ದಕ್ಕೆ ಇವತ್ತು ನಿನಗೆ ಇನ್ನೂ ಅಪ್ಪ ಇದ್ದಾರೆ. ಅರಳುವುದು ಎಂದರೆ ಇದೇ ಏನೋ?

ನಿನ್ನ ಮಾತು ಕೇಳಿ ಜೋರಾಗಿಯೂ ಹಾಕಿದೆ. ನನ್ನನ್ನು ಗೋಡೆಗೆ ತಳ್ಳಿದರು. ಕಲ್ಲಿರುವ ಕಡೆಗೇ ಪೆಟ್ಟಾಯಿತು.

ಸಂಗೀತದ ಮೇಡಂ ಬಂದವರು ಮೊದಲು ಮಾಡಿದ ಕೆಲಸ ಆ ಡಬ್ಬಿ ನಿಲ್ಲಿಸಿದ್ದು. "ಹಾಡು ಅಂದ್ರೆ ಮಾತ್ರೆ ಅಲ್ಲ ಕಣ್ರೀ, ಬೆಳಿಗ್ಗೆ ಒಂದು ಸಂಜೆ ಒಂದು ಕೊಡೋಕೆ. ಹಾಕಿಟ್ಟು ಅಡುಗೆಮನೆಗೆ ಹೋಗಬಾರದು. ಅವರ ಮುಖ ನೋಡ್ತಾ ಕೂತಿರಬೇಕು. ಹುಬ್ಬು ಗಂಟಾಯ್ತಾ, ನಿಲ್ಲಿಸಿಬಿಡಬೇಕು" ಎಂದರು. ಆಮೇಲೆ ನನ್ನ ಕಡೆ ತಿರುಗಿ "ಈಗ ನೀವು ಹಾಡಿ" ಎಂದರು.

ನನಗೆ ನಗು ಬಂತು. "ಮೇಡಂ, ಬೇಸೂರಿಗೆ ಕೈಕಾಲು ಬಂದ್ರೆ ಅದೇ ನಾನು. ಚಿಕ್ಕವಳಿದ್ದಾಗ ನಾನು ಬಾಯಿ ಬಿಟ್ರೆ ಸಾಕು, ಅಪ್ಪ ಅಂಗಡಿಯಿಂದ ಆಚೆ ಕಳಿಸ್ತಾ ಇದ್ರು" ಎಂದೆ. ಅವರು ಬಿಡಲಿಲ್ಲ. ಅಮ್ಮ ಪಾತ್ರೆ ತೊಳೆಯುವಾಗ ಗುನುಗುತ್ತಿದ್ದ ಹಾಡು ಒಂದಿತ್ತಲ್ಲ, ಅದನ್ನು ಹಾಡಿದೆ. ಎರಡನೇ ಸಾಲಿಗೇ ಅಪ್ಪ ಕಿವಿ ಮುಚ್ಚಿಕೊಂಡು "ಅಯ್ಯಯ್ಯೋ, ಕಾಗೇ! ಎಲ್ಲಿಗೆ ಹೋಗ್ತಿದ್ದೀಯೇ? ಮೇಲಕ್ಕೆ ಬಾ, ಮೇಲಕ್ಕೆ!" ಎಂದು ಕೂಗಿದರು.

ಕಾಗೆ! ವರ್ಷದಿಂದ ನನ್ನನ್ನು ಬಾಡಿಗೆ ಕೇಳಲು ಬಂದವಳು ಎಂದವರು, ಅಂಗಡಿಯಲ್ಲಿ ನನಗಿಟ್ಟ ಹೆಸರಿನಿಂದಲೇ ಕರೆದರು. ಮೇಡಂ ಕಣ್ಣು ಒರೆಸಿಕೊಂಡರು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಬಾಯಿಗೆ ತುತ್ತು ಕೊಟ್ಟಿದ್ದಕ್ಕೆ ನೆನಪಾಗಲಿಲ್ಲ, ಮೈ ತೊಳೆದಿದ್ದಕ್ಕೆ ನೆನಪಾಗಲಿಲ್ಲ. ನಾನು ತಪ್ಪು ಹಾಡಿದ್ದಕ್ಕೆ ನೆನಪಾದೆ.

ಆದರೆ ಸುಳ್ಳು ಬರೆಯುವುದಿಲ್ಲ, ಅದು ಕೆಲಸ ಮಾಡುತ್ತಿದೆ. ಬಚ್ಚಲಲ್ಲಿ ನಾನು ತಪ್ಪು ಹಾಡುತ್ತೇನೆ. ಅವರು ಸ್ವರ ತಿದ್ದುತ್ತಾರೆ. ತಿದ್ದುವ ಸಂಭ್ರಮದಲ್ಲಿ ನೀರು ಬಿದ್ದದ್ದೇ ತಿಳಿಯುವುದಿಲ್ಲ. ಡಬ್ಬಿಯೊಳಗಿನ ತಪ್ಪನ್ನು ಅವರು ತಿದ್ದಲಾರರು, ಅದಕ್ಕೇ ಸಿಟ್ಟು. ಎದುರಿಗೆ ಕೂತ ಮನುಷ್ಯರ ತಪ್ಪನ್ನು ತಿದ್ದಬಹುದು, ಅದಕ್ಕೇ ಸಮಾಧಾನ. ಮೇಡಂ ಹೀಗೆ ಹೇಳುತ್ತಾರೆ. ಬಾಯಿ ಮುಚ್ಚು ಎಂದು ನನ್ನನ್ನು ಬೆಳೆಸಿದರು, ಈಗ ಅವರ ಬೆನ್ನಿಗೆ ಸೋಪು ಹಚ್ಚಬೇಕಾದರೆ ನಾನು ಹಾಡಬೇಕು. ನಗು ಬಂದರೆ ನಕ್ಕುಬಿಡು, ನನಗಂತೂ ಬರುವುದಿಲ್ಲ.

ಡಬ್ಬಿಯೊಳಗೆ ಎಂಥ ತಪ್ಪು ಎಂದು ನನಗೆ ಗೊತ್ತಾಗಿಲ್ಲ. ಮೇಡಂ ಮನೆಗೆ ಒಯ್ದಿದ್ದಾರೆ.

ಯಾವಾಗ ಬರುತ್ತೀಯ?

ಅಕ್ಕ


9 ಜೂನ್

ತಮ್ಮಾ,

ನಿನ್ನ ಉತ್ತರ ಬಂದಿಲ್ಲ. ಬರಲಿ ಎಂದು ಕಾಯುವ ತಾಳ್ಮೆಯೂ ಉಳಿದಿಲ್ಲ.

ಮೇಡಂ ನಿನ್ನ ಡಬ್ಬಿಯನ್ನು ತಮ್ಮ ಕೀಬೋರ್ಡಿನ ಪಕ್ಕದಲ್ಲಿಟ್ಟು ನೋಡಿದರಂತೆ. ಎಲ್ಲ ಹಾಡುಗಳ ಶ್ರುತಿಯೂ ಒಂದು ಕೀಯಷ್ಟು ಕೆಳಗಿದೆಯಂತೆ. ಅದೂ ಒಂದೇ ಸಮ ನಿಲ್ಲುವುದಿಲ್ಲ, ಸ್ವರ ತೂಗಾಡುತ್ತದೆಯಂತೆ. ಟೇಪ್ ರೆಕಾರ್ಡರ್ ನಿಧಾನವಾಗಿ ಓಡಿರಬೇಕು ಎಂದರು. ಅಂದರೆ ಅಪ್ಪ ತಮ್ಮ ಕೈಯಿಂದ ಶ್ರುತಿ ಮಾಡಿದ ಪೆಟ್ಟಿಗೆಗಳೆಲ್ಲ ಕೆಟ್ಟು ಕೂತಿರುವುದನ್ನು ದಿನಾ ಬೆಳಿಗ್ಗೆ ಸಂಜೆ ಕೇಳುತ್ತಿದ್ದರು. ನಾನೇ ಹಾಕಿ ಕೇಳಿಸುತ್ತಿದ್ದೆ. ಅವರು "ಸರಿ ಇಲ್ಲ, ಸರಿ ಇಲ್ಲ" ಎನ್ನುತ್ತಿದ್ದರು, ನಾನು ಹುಚ್ಚು ಎಂದುಕೊಳ್ಳುತ್ತಿದ್ದೆ. ಈ ಮನೆಯಲ್ಲಿ ಸರಿಯಾಗಿ ಮಾತಾಡುತ್ತಿದ್ದವರು ಅವರೊಬ್ಬರೇ.

ನನಗೆ ಗೊತ್ತಾಗಲಿಲ್ಲ, ಒಪ್ಪುತ್ತೇನೆ, ನಾನು ಕಾಗೆ. ನಿನಗೇನಾಗಿತ್ತು? ಬಾಗಿಲಾಚೆ ಯಾರಾದರೂ ಲೋಟ ಬೀಳಿಸಿದರೆ ಅದು ಯಾವ ಸ್ವರ ಎಂದು ಹೇಳುತ್ತಿದ್ದವನು ನೀನು. ಅಪ್ಪ ನಿನ್ನನ್ನು ಚಿನ್ನದ ಕಿವಿ ಎಂದು ಗಿರಾಕಿಗಳ ಮುಂದೆ ನಿಲ್ಲಿಸಿ ಮೆರೆಸುತ್ತಿದ್ದರು. ಆ ಕಿವಿಗೆ ಇಷ್ಟು ಕೇಳಿಸದೆ ಇರಲು ಸಾಧ್ಯವೇ ಇಲ್ಲ. ಹಾಗಾದರೆ ಅರ್ಥ ಒಂದೇ. ನೀನು ಕೇಳಲೇ ಇಲ್ಲ. ಕ್ಯಾಸೆಟ್ಟು ತುರುಕಿ, ಗುಂಡಿ ಒತ್ತಿ, ಕೈ ತೊಳೆದುಕೊಂಡೆ. ಅಪ್ಪನಿಗಾಗಿ ಹತ್ತು ನಿಮಿಷ ಕೂತು ಕೇಳಲು ನಿನಗೆ ಪುರುಸೊತ್ತಾಗಲಿಲ್ಲ. ನನ್ನ ಜೀವಮಾನದಲ್ಲಿ ನಿನ್ನ ಮೇಲೆ ಇಷ್ಟು ಸಿಟ್ಟು ಬಂದಿರಲಿಲ್ಲ.

ಮೊನ್ನೆ ನೋವು ತಡೆಯಲಾಗದೆ ಲ್ಯಾಬಿನಲ್ಲೇ ಕುಸಿದೆ. ಡಾಕ್ಟರು ಮತ್ತೆ ದಿನ ಕೊಡುತ್ತಾರೆ. ಈ ಸಲ ಬೇಡ ಎಂದರೆ ತಮ್ಮ ಹತ್ತಿರ ಬರಲೇಬೇಡಿ ಎಂದಿದ್ದಾರೆ.

ಅಕ್ಕ


28 ಜೂನ್

ಅಕ್ಕ,

ಕ್ಯಾಸೆಟ್ಟು ಹಳೆಯವು. ರೆಕಾರ್ಡರಿನ ಬೆಲ್ಟು ಸಡಿಲವಾಗಿತ್ತೋ ಏನೋ. ಅಷ್ಟಕ್ಕೇ ಇಷ್ಟೊಂದು ಮಾತು ಬೇಕಿರಲಿಲ್ಲ. ಒಬ್ಬ ನರ್ಸನ್ನು ಗೊತ್ತು ಮಾಡು, ಖರ್ಚು ನನ್ನದು. ನನಗೆ ಬರಲು ಆಗುವುದಿಲ್ಲ. ಕಾರಣ ಕೇಳಬೇಡ.

ತಮ್ಮ


10 ಜುಲೈ

ಆಪರೇಷನ್ ಆಗಸ್ಟ್ 18ಕ್ಕೆ, ಪಕ್ಕದ ಊರಿನ ದೊಡ್ಡಾಸ್ಪತ್ರೆಯಲ್ಲಿ. ಇಬ್ಬರು ನರ್ಸುಗಳು ಬಂದರು. ಒಬ್ಬಳು ಮಧ್ಯಾಹ್ನಕ್ಕೇ ಓಡಿಹೋದಳು. ಇನ್ನೊಬ್ಬಳು ಅಪ್ಪನಿಗೆ ನಿದ್ದೆಮಾತ್ರೆ ಕೊಟ್ಟು ಟಿ.ವಿ. ನೋಡುತ್ತಿದ್ದಳು, ನಾನೇ ಓಡಿಸಿದೆ. ಉಳಿದ ದಾರಿ ಒಂದೇ, ಮರೆವಿನವರ ವಾರ್ಡು. ಹೋಗಿ ನೋಡಿ ಬಂದೆ. ಎದ್ದು ಓಡಾಡುವವರ ಕೈಯನ್ನು ಬಟ್ಟೆಯಿಂದ ಮಂಚಕ್ಕೆ ಕಟ್ಟುತ್ತಾರೆ. "ಅವರ ಒಳ್ಳೇದಕ್ಕೇ" ಎಂದರು. 17ರಂದು ಅಪ್ಪನನ್ನು ಅಲ್ಲಿ ಬಿಡುತ್ತೇನೆ.

ನಿನಗೆ ತಿಳಿಸಬೇಕಾದ್ದು ನನ್ನ ಕರ್ತವ್ಯ, ತಿಳಿಸಿದೆ. ಉತ್ತರ ಬೇಡ.


24 ಜುಲೈ

ಅಕ್ಕ,

ಉತ್ತರ ಬೇಡ ಎಂದಿದ್ದೀಯ, ಆದರೂ ಬರೆಯುತ್ತಿದ್ದೇನೆ. ಇದನ್ನು ನಾಲ್ಕು ಸಲ ಬರೆದು ಹರಿದುಹಾಕಿದ್ದೇನೆ. ಈ ಸಲ ಹರಿಯುವ ಮೊದಲೇ ಅಂಚೆಗೆ ಹಾಕುತ್ತೇನೆ.

ಆ ಹಾಡುಗಳನ್ನು ನಾನು ಕೇಳಿದೆ. ಹತ್ತು ನಿಮಿಷ ಅಲ್ಲ, ಎಲ್ಲವನ್ನೂ ಕೇಳಿದೆ. ಪ್ರತಿ ಕ್ಯಾಸೆಟ್ಟು ಮುಗಿಯುವವರೆಗೂ ರೆಕಾರ್ಡರಿಗೆ ಕಿವಿ ಒತ್ತಿಕೊಂಡು ಕೂತಿದ್ದೆ. ಎಲ್ಲವೂ ಚೆನ್ನಾಗಿದೆ ಅನ್ನಿಸಿತು. ಅಪ್ಪನ ಕೆಲಸ ಎಷ್ಟು ಶುದ್ಧವಾಗಿದೆ ಎಂದು ಕಣ್ಣಲ್ಲಿ ನೀರೂ ಬಂತು. ಈಗ ಅರ್ಥವಾಯಿತಾ?

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಪಿಯಾನೊ ಶ್ರುತಿ ಮಾಡುತ್ತಿದ್ದೆ. ಒಂದೇ ತಂತಿ ಎರಡು ಸ್ವರ ಹೇಳಿತು. ಎಡಗಿವಿಗೆ ಒಂದು, ಬಲಗಿವಿಗೆ ಅದಕ್ಕಿಂತ ಕೆಳಗೆ ಇನ್ನೊಂದು. ಮೊದಲು ತಂತಿಯನ್ನು ಬೈದೆ. ಆಮೇಲೆ ಕಿವಿಗೆ ಏನೋ ಹೋಗಿದೆ ಎಂದುಕೊಂಡೆ. ಡಾಕ್ಟರು ಒಳಗಿನ ನರ ಸತ್ತಿದೆ, ಮತ್ತೆ ಬರುವುದಿಲ್ಲ ಎಂದರು. ತೆಳುವಾದ ಸ್ವರಗಳು ಮೊದಲು ಹೋದವು. ಈಗ ಎದುರಿಗೆ ನಿಂತವರ ತುಟಿ ನೋಡುತ್ತಾ ಇದ್ದರೆ ಮಾತು ತಿಳಿಯುತ್ತದೆ. ಫೋನಿನಲ್ಲಿ ತುಟಿ ಇರುವುದಿಲ್ಲ. ಲೈನು ಹಾಳಾಗಿಲ್ಲ ಅಕ್ಕ, ಹಾಳಾಗಿರುವುದು ನಾನು.

ಶ್ರುತಿ ವಿಭಾಗದಿಂದ ಆವಾಗಲೇ ತೆಗೆದರು. ಈಗ ಪ್ಯಾಕಿಂಗಿನಲ್ಲಿದ್ದೇನೆ. ಬೇರೆಯವರು ಶ್ರುತಿ ಮಾಡಿದ ಪಿಯಾನೊಗಳಿಗೆ ಕಂಬಳಿ ಹೊದಿಸಿ, ಮರದ ಪೆಟ್ಟಿಗೆಗೆ ಹಾಕಿ ಮೊಳೆ ಹೊಡೆಯುತ್ತೇನೆ. ರಜೆ ಕೇಳಿದರೆ ನಾಳೆಯೇ ಕೊಡುತ್ತಾರೆ. ನಾನು ಇಲ್ಲದೆ ಯಾವ ಪಿಯಾನೊವೂ ನಿಲ್ಲುವುದಿಲ್ಲ.

ನಿನಗೆ ಹೇಳಿದರೆ ಅಪ್ಪನಿಗೆ ಹೇಳುತ್ತೀಯ ಎಂದು ಹೆದರಿಕೆ. ಅಪ್ಪನಿಗೆ ತಿಳಿಯುತ್ತದೆ ಎಂಬ ಭಯಕ್ಕೆ ಮನೆಗೇ ಬರಲಿಲ್ಲ. ಬಂದ ತಕ್ಷಣ ಚಿಕ್ಕಂದಿನ ಹಾಗೆ ಒಂದು ಪೆಟ್ಟಿಗೆ ಮುಂದಿಟ್ಟು, ಎರಡು ಸ್ವರ ನುಡಿಸಿ "ಯಾವುದು ಇಳಿದಿದೆ ಹೇಳು" ಎನ್ನುತ್ತಾರೆ. ಅವರಿಗೆ ಬೇರೆ ಎಲ್ಲವೂ ಮರೆತಿರಬಹುದು, ಆ ಪ್ರಶ್ನೆ ಮರೆತಿರುವುದಿಲ್ಲ. ನಿನ್ನ ಕಾಗದಗಳನ್ನು ಓದಿದ ಮೇಲಂತೂ ಖಾತ್ರಿಯಾಯಿತು. ಅವರು ನನ್ನಲ್ಲಿ ಇಷ್ಟಪಟ್ಟದ್ದು ಕಿವಿಯೊಂದನ್ನೇ. ಅದಿಲ್ಲದೆ ಅವರ ಎದುರಿಗೆ ಯಾವ ಮುಖ ಇಟ್ಟುಕೊಂಡು ನಿಲ್ಲಲಿ?

ತಮ್ಮ


5 ಆಗಸ್ಟ್

ಏನೋ ಪೆದ್ದಾ,

ಎರಡು ವರ್ಷ! ನನ್ನ ಹತ್ತಿರ ಅಷ್ಟೆಲ್ಲ ಬೈಸಿಕೊಂಡೆಯಲ್ಲೋ, ಅದಕ್ಕಿಂತ ಮುಂಚೆ ಒಂದು ಮಾತು ಬಾಯಿ ಬಿಡಬಾರದಿತ್ತಾ? ನನ್ನ ಸಿಟ್ಟೆಲ್ಲ ದಂಡವಾಯಿತು. ಕಾಗದವನ್ನು ಬಚ್ಚಲಲ್ಲಿ ಕೂತು ಓದಿದೆ, ನಲ್ಲಿ ಬಿಟ್ಟುಕೊಂಡು ಅತ್ತೆ. ಅತ್ತು ಮುಗಿದ ಮೇಲೆ ಮತ್ತೆ ಸಿಟ್ಟು ಬಂತು. ನೀನು ಹೇಳದೆ ಇದ್ದದ್ದಕ್ಕೆ ನನ್ನ ಪಿತ್ತಕೋಶ ದಂಡ ಕಟ್ಟಿದೆ. ಅಪ್ಪ ಲಾರಿಯ ಕೆಳಗೆ ಹೋಗುವವರಿದ್ದರು. ಇದನ್ನು ನಾನು ಅಷ್ಟು ಸುಲಭವಾಗಿ ಬಿಡುವುದಿಲ್ಲ, ಬಾಕಿ ಇಟ್ಟುಕೊಂಡಿದ್ದೇನೆ.

ನಾಚಿಕೆಯಂತೆ. ನಾನು ಹುಟ್ಟಿದಾಗಿನಿಂದ ಶ್ರುತಿ ಇಲ್ಲದೆ ಈ ಮನುಷ್ಯನ ಮನೆಯಲ್ಲಿ ಬದುಕಿದ್ದೇನೆ. ಬೈದರು, ಆಡಿಕೊಂಡರು, ಅನ್ನ ಹಾಕಿದರು. ನೀನೂ ಬಂದು ಸಾಲಿನಲ್ಲಿ ಕೂತುಕೋ. ನಿನ್ನ ಗುರುತೇ ಹಿಡಿಯಲಾರದವರ ಮುಂದೆ ಯಾವ ಮರ್ಯಾದೆ ಉಳಿಸಿಕೊಳ್ಳುತ್ತೀಯೋ?

ಆಗಸ್ಟ್ 18 ಬದಲಾಗುವುದಿಲ್ಲ. ವಾರ್ಡಿಗೆ ಇನ್ನೂ ಬೇಡ ಎಂದಿಲ್ಲ. ನೀನು ಬಾಗಿಲಿಗೆ ಬಂದು ನಿಂತ ಮೇಲೆ ಹೇಳುತ್ತೇನೆ.

ಬರುವುದಾದರೆ ತಿಳಿದುಕೋ. ಸ್ನಾನದ ನೀರು ಮೊದಲು ಪಾದಕ್ಕೆ, ತಲೆಗೆ ಕೊನೆಯಲ್ಲಿ. ಹಾಡದೆ ಬಚ್ಚಲಿಗೆ ಕರೆದುಕೊಂಡು ಹೋಗಬೇಡ. ಮೇಡಂ ಹೇಳಿದ್ದಕ್ಕೆ ಅಟ್ಟದಿಂದ ಒಂದು ಹಳೆಯ ಹಾರ್ಮೋನಿಯಂ ಇಳಿಸಿದ್ದೇನೆ. ಸಂಜೆ ಗಲಾಟೆ ಶುರುವಾದರೆ ಅದನ್ನು ಮುಂದಿಡು, ಬಿಚ್ಚಿ ಜೋಡಿಸುತ್ತಾ ಇರುತ್ತಾರೆ. ಅವರು ಕೆಲಸ ಮಾಡುವಾಗ ಪಕ್ಕದಲ್ಲಿ ಕೂರು, ಎದುರಿಗೆ ಕೂರಬೇಡ. ಹಲ್ಲಿನ ಸೆಟ್ಟು ಕಾಣದಿದ್ದರೆ ಚಪ್ಪಲಿಯಲ್ಲಿ ಮೊದಲು ನೋಡು.

ಅಪ್ಪನಿಗೆ ನಾನು ಏನೂ ಹೇಳಿಲ್ಲ.

ಅಕ್ಕ


29 ಆಗಸ್ಟ್

ಪ್ರೀತಿಯ ಅಕ್ಕ,

ಆಪರೇಷನ್ ಸುಸೂತ್ರವಾಗಿ ಆಯಿತು, ನೀನು ಆಸ್ಪತ್ರೆಯ ಊರಿನಲ್ಲೇ ನಿನ್ನ ಲ್ಯಾಬಿನ ಗೆಳತಿಯ ಮನೆಯಲ್ಲಿ ಮಲಗಿದ್ದೀಯ ಎಂದು ಮೇಡಂ ಬರೆದು ತೋರಿಸಿದರು. ನೀನು ಹೊರಡುವ ಹಿಂದಿನ ದಿನ ನಾನು ಬಾಗಿಲಲ್ಲಿ ನಿಂತಾಗ ನೀನು ಮಾಡಿದ ಮೊದಲ ಕೆಲಸ ನನ್ನ ಕಿವಿ ಹಿಂಡಿದ್ದು. ಇನ್ನೂ ನೋಯುತ್ತಿದೆ, ಕೇಳಿಸದಿದ್ದರೂ ನೋವು ಗೊತ್ತಾಗುತ್ತದೆ.

ಮೊದಲ ವಾರ ಹೇಗಿತ್ತು ಎಂದು ಬರೆಯಲೇಬೇಕು, ಇಲ್ಲದಿದ್ದರೆ ನನಗೆ ಹುಚ್ಚು ಹಿಡಿಯುತ್ತದೆ. ನಾನು ಕೊಟ್ಟದ್ದನ್ನು ಅಪ್ಪ ತಿನ್ನುವುದಿಲ್ಲ. ಅಂಗಿಗೆ ಪ್ಯಾಂಟು ಎನ್ನುತ್ತಾರೆ, ಪ್ಯಾಂಟಿಗೆ ಬೇಡ ಎನ್ನುತ್ತಾರೆ. ಬಾಗಿಲಿಗೆ ಚಿಲಕ ಹಾಕಿದರೆ ಪೊಲೀಸರನ್ನು ಕರೆಯುತ್ತಾರೆ. ಒಂದು ದಿನ ಸಿಟ್ಟು ತಡೆಯಲಾಗದೆ ತಟ್ಟೆ ಕುಕ್ಕಿಬಿಟ್ಟೆ. ಅವರು ಹೆದರಿ ಮೂಲೆಗೆ ಸರಿದು ನಿಂತರು, ಚಿಕ್ಕ ಮಗುವಿನ ಹಾಗೆ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಇದನ್ನೆಲ್ಲ ನೀನು ಒಬ್ಬಳೇ ಹೇಗೆ ಮಾಡಿದೆ? "ನಿಲ್ಲಿಸಬೇಡ, ಜೋರಾಗಿ ಹಾಕು" ಎಂದು ಬರೆದ ಮಹಾನುಭಾವ ಸಿಕ್ಕಿದರೆ ನಾನೇ ನಾಲ್ಕು ಬಾರಿಸುತ್ತಿದ್ದೆ.

ನಾನು ಯಾರೆಂದು ಅವರಿಗೆ ಗೊತ್ತಿಲ್ಲ. ಅಂಗಡಿಗೆ ಹೊಸದಾಗಿ ಸೇರಿದ ಕೆಲಸದವನು ಎಂದುಕೊಂಡಿದ್ದಾರೆ. "ಏನಯ್ಯಾ" ಎನ್ನುತ್ತಾರೆ. ಬಚ್ಚಲಲ್ಲಿ ಹಾಡಲು ನನಗೆ ಧೈರ್ಯ ಬಂದಿರಲಿಲ್ಲ. ಮೂರು ದಿನ ಒದ್ದೆ ಬಟ್ಟೆಯಲ್ಲಿ ಒರೆಸಿಯೇ ದೂಡಿದೆ. ಆಮೇಲೆ ವಾಸನೆಗೆ ಹೆದರಿ ಹಾಡಿದೆ. "ನೀನೂ ಕಾಗೇನಾ? ಈ ಮನೇಲಿ ಎಷ್ಟು ಕಾಗೆ ಸಾಕಿದ್ದಾರೆ!" ಎಂದು ಅಪ್ಪ ನಕ್ಕರು. ನನಗೆ ನಗಲು ಆಗಲಿಲ್ಲ. ಬೇಕೆಂದು ತಪ್ಪು ಹಾಡಿರಲಿಲ್ಲ ಅಕ್ಕ, ನನಗೆ ತಿಳಿದಷ್ಟು ಸರಿಯಾಗಿಯೇ ಹಾಡಿದ್ದೆ.

ನಿನ್ನೆ ಸಂಜೆ ನಡೆದದ್ದನ್ನು ಹೇಳಲು ಈ ಕಾಗದ ಶುರುಮಾಡಿದೆ, ಎಲ್ಲೆಲ್ಲೋ ಹೋದೆ.

ಅಪ್ಪ ಹಾರ್ಮೋನಿಯಂ ಬಿಚ್ಚಿ, ಸ್ವರ ಹೊರಡಿಸುವ ರೀಡುಗಳನ್ನು ಒರೆಸಿ ಜೋಡಿಸಿದರು. ಕೈ ನಡುಗುವುದಿಲ್ಲ, ನೋಡಿದ್ದೀಯಲ್ಲ? ಗುಂಡಿ ಹಾಕಿಕೊಳ್ಳಲು ಬಾರದ ಬೆರಳು ರೀಡು ಹಿಡಿದಾಗ ಅಪ್ಪನ ಬೆರಳೇ ಆಗಿಬಿಡುತ್ತದೆ. ನೀನು ಹೇಳಿದಂತೆ ಪಕ್ಕದಲ್ಲಿ ಕೂತಿದ್ದೆ. ಒಂದು ಕೈಯಲ್ಲಿ ಗಾಳಿಯ ತಿದಿ ಒತ್ತುತ್ತಾ, ಎರಡು ಸಲ ಸ್ವರ ಹಿಡಿದು, ನಾನು ಹೆದರಿದ್ದ ಅದೇ ಪ್ರಶ್ನೆ ಕೇಳಿದರು. "ಯಾವುದು ಇಳಿದಿದೆ ಹೇಳು."

ಊಹಿಸಿದೆ. ಎರಡನೆಯದು ಎಂದೆ.

ಇನ್ನೊಮ್ಮೆ ನುಡಿಸಿ ಕೇಳಿದರು. ಮೊದಲನೆಯದು ಎಂದೆ. ಆಗ ಅವರ ಬೆರಳು ನೋಡಿದೆ. ಎರಡು ಸಲವೂ ಅವರು ಒತ್ತಿದ್ದು ಒಂದೇ ಕೀ. ಬೆರಳು ಆಗಿನಿಂದ ಜಾಗವನ್ನೇ ಬಿಟ್ಟಿರಲಿಲ್ಲ.

ಬೈಗುಳ ಬರುತ್ತದೆ ಎಂದು ತಲೆ ತಗ್ಗಿಸಿ ಕೂತೆ. ಅಪ್ಪ ತಿದಿ ಬಿಟ್ಟರು. ನನ್ನ ಗಲ್ಲ ಹಿಡಿದು ಮುಖವನ್ನು ತಮ್ಮ ಕಡೆ ತಿರುಗಿಸಿಕೊಂಡರು. ಅದು ಹೇಗೆ ಗೊತ್ತಾಯಿತೋ, ತುಟಿ ನನಗೆ ಚೆನ್ನಾಗಿ ಕಾಣುವ ಹಾಗೆ ಒಂದೊಂದೇ ಮಾತಾಡಿದರು.

"ಕಿವಿ ಹೋಗಿದ್ಯೇನಪ್ಪಾ?"

ಹೌದು ಎಂದೆ. ಅಮ್ಮ ಹೋದ ಮೇಲೆ ಆ ದನಿಯನ್ನು ಈ ಮನೆಯಲ್ಲಿ ಯಾರ ಬಾಯಲ್ಲೂ ಕೇಳಿರಲಿಲ್ಲ. ಕೇಳಿದೆ ಎಂದು ಬರೆಯುತ್ತಿದ್ದೇನೆ, ನೋಡಿದೆ ಎನ್ನಬೇಕು.

"ಅಪ್ಪ ಇದ್ದಾರಾ?"

"ಇದ್ದಾರೆ."

"ಏನ್ ಕೆಲಸ?"

"ಇದೇ ಕೆಲಸ. ಶ್ರುತಿ ಮಾಡೋದು."

ಅಪ್ಪ ನಾಲಿಗೆ ಲೊಚಗುಟ್ಟಿದರು. "ಅವರಿಗೆ ಗೊತ್ತಾ?"

"ಇಲ್ಲ."

ಅಪ್ಪ ತುಂಬಾ ಹೊತ್ತು ಯೋಚಿಸಿದರು. ಅವರು ಇಷ್ಟು ಹೊತ್ತು ಒಂದೇ ವಿಷಯ ಹಿಡಿದುಕೊಂಡು ಕೂತದ್ದನ್ನು ನಾನು ಬಂದಮೇಲೆ ನೋಡಿರಲಿಲ್ಲ. ಆಮೇಲೆ ಬಾಗಿಲ ಕಡೆ ತಿರುಗಿ, ಯಾರೂ ಇಲ್ಲ ಎಂದು ಖಚಿತ ಮಾಡಿಕೊಂಡು, ನನ್ನ ಬೆನ್ನ ಮೇಲೆ ಕೈಯಿಟ್ಟರು.

"ಹೆದರ್ಕೋಬೇಡ. ನಿಮ್ಮಪ್ಪಂಗೆ ನಾನು ಹೇಳಲ್ಲ."

ತಮ್ಮ